ಹನ್ನೆರಡು ಮೀಟರು

ಆ ವಿಶ್ವವಿದ್ಯಾಲಯದಲ್ಲಿ ನೆಟ್ಟಗಿದ್ದದ್ದು ಒಂದೇ, ಸುಣ್ಣಮ್ಮ ಹಾಕಿದ ಗೆರೆ. ಉಳಿದದ್ದೆಲ್ಲ ಸೊಟ್ಟ. ಪರೀಕ್ಷೆಯ ವೇಳಾಪಟ್ಟಿ ಸೊಟ್ಟ, ಹಾಸ್ಟೆಲಿನ ನಲ್ಲಿ ಸೊಟ್ಟ. ಕ್ರೀಡಾ ವಿಭಾಗಕ್ಕೆ ಇದ್ದ ಒಂದೇ ಒಂದು ಜಾವೆಲಿನ್ ಎಷ್ಟು ಬಾಗಿತ್ತೆಂದರೆ, ಎಸೆದವರ ಕಡೆಗೇ ತಿರುಗಿ ಬಂದೀತು ಎಂದು ಹುಡುಗರು ಎಸೆದ ಕೂಡಲೇ ಓಡುತ್ತಿದ್ದರು.

ಊರುಗಳಿಂದ ದೂರ, ಬಯಲಿನ ನಡುವೆ ಎದ್ದ ಸಣ್ಣ ವಿಶ್ವವಿದ್ಯಾಲಯ. ಸುತ್ತಲಿನ ಹಳ್ಳಿಯ ಮಕ್ಕಳಿಗೆ ಓದಲು ಬೇರೆ ಗತಿಯಿರಲಿಲ್ಲ. ವಿಶ್ವವಿದ್ಯಾಲಯಕ್ಕೂ ಆ ಮಕ್ಕಳನ್ನು ಬಿಟ್ಟರೆ ಬೇರೆ ಗತಿಯಿರಲಿಲ್ಲ. ಎತ್ತರ ಜಿಗಿತಕ್ಕೆ ಹಾಸ್ಟೆಲಿನವರು ಎಸೆದ ಹಳೇ ಹಾಸಿಗೆಗಳು. ಹರ್ಡಲ್ಸಿಗೆ ಬಡಗಿ ಹೊಡೆದುಕೊಟ್ಟ ಹಲಗೆಗಳು. ಕಾಲು ತಾಗಿದರೆ ಹಲಗೆ ಬೀಳುತ್ತಿರಲಿಲ್ಲ, ಹುಡುಗರು ಬೀಳುತ್ತಿದ್ದರು. ಆರು ಜನ ಓಟಗಾರ್ತಿಯರಿಗೆ ಮುಳ್ಳಿನ ಬೂಟು ಎರಡೇ ಜೊತೆ. ದೊಡ್ಡ ಕಾಲಿನವಳು ಬೆರಳು ಮಡಚಿಕೊಂಡು, ಚಿಕ್ಕ ಕಾಲಿನವಳು ಕಾಗದ ತುರುಕಿಕೊಂಡು ಓಡಬೇಕು. ಹೊರಗಿನ ಕ್ರೀಡಾಕೂಟಕ್ಕೆ ಹೊರಡುವ ದಿನವೇ ಬಸ್ಸು ಪ್ರಶ್ನೆಪತ್ರಿಕೆ ತರಲು ಹೋಗಿರುತ್ತಿತ್ತು.

ಆದರೆ ಗಣ್ಯರ ವೇದಿಕೆ ಇತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅದೇ. ಮೈದಾನದ ಒಂದು ತುದಿಯಲ್ಲಿ, ಡಾಂಬರು ರಸ್ತೆಗೆ ಅಂಟಿಕೊಂಡು, ತಗಡಿನ ಮಾಡು, ನುಣ್ಣನೆ ಕಲ್ಲಿನ ನೆಲ. ಗಣ್ಯರು ಕಾರಿನಿಂದ ಇಳಿದ ಪಾದ ಮಣ್ಣಿಗೆ ತಾಗದ ಹಾಗೆ ಸೋಫಾ ಸೇರಬೇಕು. ಗಣ್ಯರ ಮೊಣಕಾಲು ನೋಯಬಾರದೆಂದು ಎತ್ತರವೂ ಒಂದೇ ಗೇಣು. ಅವರ ಮೊಣಕಾಲಿನ ಬಗ್ಗೆ ಇಷ್ಟು ಯೋಚಿಸಿದವರು ಓಡುವವರ ಮೊಣಕಾಲಿನ ಬಗ್ಗೆ ಯಾವತ್ತೂ ಯೋಚಿಸಿದವರಲ್ಲ.

ಸುಣ್ಣಮ್ಮ ಮೈದಾನಕ್ಕೆ ಸುಣ್ಣ ಹಾಕುವವಳು. ಹತ್ತೊಂಬತ್ತು ವರ್ಷದಿಂದ ಹಾಕುತ್ತಿದ್ದಳು. ಹತ್ತೊಂಬತ್ತು ವರ್ಷವೂ ಕಾಗದದಲ್ಲಿ ಅವಳು ‘ತಾತ್ಕಾಲಿಕ’. ಈ ಅವಧಿಯಲ್ಲಿ ನಾಲ್ವರು ಕುಲಪತಿಗಳು ಬಂದು ಹೋದರು. ಅವರು ಮಾತ್ರ ಕಾಯಂ!

ಕೆಲಸ ಹೇಳುವುದಕ್ಕೆ ಸುಲಭ. ಸುಣ್ಣದ ಪುಡಿಯನ್ನು ಜರಡಿ ಹಿಡಿಯಬೇಕು. ತಳಕ್ಕೆ ತೂತು ಹೊಡೆದ ಡಬ್ಬಿಯಲ್ಲಿ ತುಂಬಬೇಕು. ನಡು ಬಗ್ಗಿಸಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತ, ಡಬ್ಬಿಗೆ ಕೋಲಿನಿಂದ ಟಕ್ ಟಕ್ ತಟ್ಟುತ್ತ ಗೆರೆ ಬಿಡಬೇಕು. ನಾಲ್ಕು ಲೇನಿಗೆ ಐದು ಗೆರೆ. ಮುಗಿಯುವಷ್ಟರಲ್ಲಿ ಬೆನ್ನು ತನ್ನದಲ್ಲ ಎನ್ನಿಸುತ್ತಿತ್ತು. ಹಿಮ್ಮಡಿಯ ಬಿರುಕಿನೊಳಗೆ ಸುಣ್ಣ ಇಳಿದು ಚುರುಚುರು ಸುಡುತ್ತಿತ್ತು. ಕೆಮ್ಮಿದರೆ ಬಿಳಿ. ಕಣ್ಣೊರೆಸಿಕೊಂಡರೆ ಉರಿ. ಕೈ ಕೆಸರಾದರೆ ಬಾಯಿ ಮೊಸರು ಅನ್ನುವ ಗಾದೆಯನ್ನು ಕಟ್ಟಿದವನು ಸುಣ್ಣದಲ್ಲಿ ಕೈಯಿಟ್ಟವನಲ್ಲ ಎಂದು ಅವಳು ನಗುತ್ತಿದ್ದಳು.

ಒಂದು ಕಟ್ಟುನಿಟ್ಟು ಇತ್ತು. ಗಣ್ಯರು ಬರುವ ದಿನ ಎಂಟು ಗಂಟೆಯಾದ ಮೇಲೆ ಅವಳು ಮೈದಾನದಲ್ಲಿ ಕಾಣಬಾರದು. ಯಾವತ್ತಿದ್ದರೂ ಹೋಗುವುದು ಬರುವುದು ಹಿಂದಿನ ಗೇಟಿನಿಂದಲೇ. ಗೆರೆ ಕಾಣಬೇಕು, ಗೆರೆ ಹಾಕಿದವಳು ಕಾಣಬಾರದು. ಆಫೀಸಿನ ಹೊಸ್ತಿಲನ್ನೂ ಅವಳು ದಾಟುವಂತಿರಲಿಲ್ಲ. ಕಾಲಿನ ಬಿಳುಪು ನೆಲಕ್ಕೆ ಹತ್ತುತ್ತದೆ ಎಂದು ಬಾಗಿಲ ಹೊರಗೇ ನಿಲ್ಲಿಸುತ್ತಿದ್ದರು.

ಕೆಲಸ ಕಲಿಸಿದವಳು ಅತ್ತೆ. ಆಕೆಗೆ ಓದು ಬರುತ್ತಿರಲಿಲ್ಲ, ಆದರೆ ಹಗ್ಗ ಬರುತ್ತಿತ್ತು. ಮೈದಾನದ ಎರಡು ತುದಿಯಲ್ಲಿ ಎರಡು ಗೂಟ. ಗೂಟಕ್ಕೆ ಹಗ್ಗ ಸಿಕ್ಕಿಸಿ, ಇನ್ನೊಂದು ತುದಿ ಹಿಡಿದು ಸುತ್ತಿ ಬಂದರೆ ತಿರುವು. ಎರಡು ತಿರುವುಗಳನ್ನು ನೇರ ಗೆರೆಗಳಿಂದ ಕೂಡಿಸಿದರೆ ಒಂದು ಸುತ್ತು, ಸರಿಯಾಗಿ ನಾನೂರು ಮೀಟರು. ಹಗ್ಗದಲ್ಲಿ ಎಲ್ಲೆಲ್ಲಿ ಹಿಡಿಯಬೇಕೋ ಅಲ್ಲಲ್ಲಿ ಅತ್ತೆ ಗಂಟು ಹಾಕಿ ಕೆಂಪು ಬಟ್ಟೆ ಸುತ್ತಿದ್ದಳು. ಗೂಟ ಮಳೆಗೆ ಸಡಿಲವಾಗಿ ಅಲ್ಲಾಡಬಾರದೆಂದು ಮನೆಯಲ್ಲಿ ಒಡೆದ ಬೀಸುಕಲ್ಲು ತಂದು ನೆಲದಲ್ಲಿ ಹೂತು, ಅದರ ತೂತಿನೊಳಗೆ ಗೂಟ ನಿಲ್ಲಿಸಿದ್ದಳು. "ಗೂಟ ಒಂದು ಸರಿ ಇದ್ದರೆ ಲೋಕ ಸರಿ ಇರುತ್ತೆ ಕಣೆ" ಎನ್ನುತ್ತಿದ್ದಳು. ಲೋಕದ ಮಾತು ಬಿಡಿ, ಮೈದಾನವಂತೂ ಸರಿ ಇತ್ತು.

ಮೂರು ವರ್ಷದ ಹಿಂದೆ ವೇದಿಕೆ ಬಂತು. ತಿರುವಿನ ಮೇಲೆಯೇ ಬಂದು ಕೂತಿತು. ಕಟ್ಟುವವರು ಮೈದಾನ ನೋಡಲಿಲ್ಲ, ರಸ್ತೆ ನೋಡಿದರು. ಕಟ್ಟಿ ಮುಗಿದ ಮೇಲೆ ಗೊತ್ತಾಯಿತು, ಓಡುವ ದಾರಿಯ ಮೇಲೆ ಸೋಫಾ ಇದೆ ಎಂದು.

ಕ್ರೀಡಾ ನಿರ್ದೇಶಕರು ಬಂದರು. ಕುತ್ತಿಗೆಯಲ್ಲಿ ಸದಾ ಒಂದು ಪೀಪಿ ನೇತಾಡುತ್ತಿದ್ದುದರಿಂದ ಬೆನ್ನ ಹಿಂದೆ ಎಲ್ಲರೂ ಅವರನ್ನು ಪೀಪಿ ಸಾರ್ ಎನ್ನುತ್ತಿದ್ದರು. ಅವರು ವೇದಿಕೆ ನೋಡಿದರು, ಗೂಟ ನೋಡಿದರು, ಕೈ ತೋರಿಸಿದರು.

"ಈ ಗೂಟನ ಕಿತ್ತು ಆರು ಮೀಟರ್ ಒಳಗೆ ನೆಡು."

"ಸಾರ್, ಹಂಗೆ ಮಾಡಿದ್ರೆ ಸುತ್ತು ಗಿಡ್ಡ ಆಗುತ್ತೆ. ಈ ಕಡೆ ಆರು, ಆ ಕಡೆ ಆರು, ಹನ್ನೆರಡು ಮೀಟ್ರು ಹೋಗುತ್ತೆ."

"ಸುಣ್ಣ ಹಾಕೋದು ನಿನ್ನ ಕೆಲಸ. ಲೆಕ್ಕ ಹಾಕೋದು ನನ್ನ ಕೆಲಸ."

ಸುಣ್ಣಮ್ಮ ಹಾರೆ ತಂದಳು. ಕಿತ್ತಳು. ಆರು ಮೀಟರು ಒಳಗೆ ನೆಟ್ಟಳು. ಗಿಡ್ಡವಾದರೆ ಎಲ್ಲರಿಗೂ ಗಿಡ್ಡ ತಾನೆ, ಯಾರಿಗೆ ನಷ್ಟ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಅವಳು ಮಾಡಿದ ತಪ್ಪು ಅದೇ. ಆ ಮೈದಾನ ಬಿಟ್ಟು ಬೇರೆ ಮೈದಾನವನ್ನು ಅವಳು ಕಂಡವಳಲ್ಲ. ಜಗತ್ತಿನ ಬೇರೆ ಕಡೆ ಸುತ್ತು ಇನ್ನೂ ನಾನೂರೇ ಇದೆ ಎನ್ನುವುದು ಅವಳ ತಲೆಗೆ ಹೊಳೆಯಲಿಲ್ಲ.

ಆ ವರ್ಷದ ಕ್ರೀಡಾಕೂಟದಲ್ಲಿ ನೋಡಬೇಕಿತ್ತು ವೈಭವ! ಒಂದೇ ದಿನ ಹನ್ನೊಂದು ದಾಖಲೆ ಮುರಿದವು. ಗಂಡುಮಕ್ಕಳು, ಹೆಣ್ಣುಮಕ್ಕಳು, ಸಾವಿರದೈನೂರು, ಐದು ಸಾವಿರ. ಎಷ್ಟು ಸುತ್ತು ಜಾಸ್ತಿಯೋ ದಾಖಲೆ ಅಷ್ಟು ಪುಡಿಪುಡಿ. ಪೀಪಿ ಸಾರ್ ಫೋಟೋ ವಾರ್ತಾಪತ್ರದ ಮುಖಪುಟದಲ್ಲಿ ಬಂತು. ಅದೇ ಮಕ್ಕಳು ಹೊರಗೆ ಹೋಗಿ ಓಡಿದರೆ ಕಡೆಯಿಂದ ಮೊದಲು. ಗಾಳಿ ಜೋರಿತ್ತು ಅಂದರು. ನೀರು ಒಗ್ಗಲಿಲ್ಲ ಅಂದರು. ಬಸ್ಸಿನಲ್ಲಿ ನಿದ್ದೆ ಬರಲಿಲ್ಲ ಅಂದರು. ಕೊನೆಗೆ ಪೀಪಿ ಸಾರ್ ಒಂದು ಸಿದ್ಧಾಂತ ಕಂಡುಹಿಡಿದರು. ನಮ್ಮ ಮಕ್ಕಳಿಗೆ ಕೊನೇ ದಮ್ಮು ಇಲ್ಲ. ಕೂಲಿಯವರ ಮಕ್ಕಳಿಗೆ ಅದು ಬರುವುದಿಲ್ಲ.

ಅಳೆದು ನೋಡೋಣ ಎಂದು ಒಬ್ಬರಿಗೂ ಅನ್ನಿಸಲಿಲ್ಲ. ಅಳೆಯುವ ಟೇಪನ್ನು ವೇದಿಕೆ ಕಟ್ಟಿದವರು ಒಯ್ದಿದ್ದರು, ತಿರುಗಿ ಕೊಟ್ಟಿರಲಿಲ್ಲ.

ಮರುವರ್ಷ ಸುಣ್ಣಮ್ಮನ ಮಗಳು ಅದೇ ವಿಶ್ವವಿದ್ಯಾಲಯ ಸೇರಿದಳು. ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ಎಂಟುನೂರು ಮೀಟರು ಓಡುತ್ತಿದ್ದಳು, ಅಂದರೆ ಎರಡು ಸುತ್ತು. ಅಮ್ಮನ ಗೆರೆಯ ಪಕ್ಕದಲ್ಲಿ ಕಾಲಿಟ್ಟಳೆಂದರೆ ಇಡೀ ಮೈದಾನ ಓಡುವುದು ಬಿಟ್ಟು ನೋಡುತ್ತಿತ್ತು. ತಂಡದಲ್ಲಿ ಹೆಸರಿದ್ದರೆ ಹಾಸ್ಟೆಲಿನಲ್ಲಿ ಜಾಗ, ಜಾಗವಿದ್ದರೆ ಓದು. ಹೆಸರು ಹೋದರೆ ಎಲ್ಲವೂ ಹೋದಂತೆ.

ಈಗ ಆ ಹೆಸರಿಗೇ ಸಂಚಕಾರ ಬಂದಿತ್ತು.

ಅವತ್ತು ಸುಣ್ಣಮ್ಮ ಸುಣ್ಣದ ಮೂಟೆ ಹೊತ್ತು ಆಫೀಸಿನ ಹೊಸ್ತಿಲ ಹೊರಗೆ ನಿಂತಿದ್ದಳು. ಎಲ್ಲಿ ಇಳಿಸಬೇಕು ಎಂದು ಕೇಳಲು ಬಂದಿದ್ದಳು. ಒಳಗೆ ಮಗಳು ಕೈ ಕಟ್ಟಿಕೊಂಡು ನಿಂತಿದ್ದಳು. ಪೀಪಿ ಸಾರ್ ಕೈಯಲ್ಲಿ ಕಾಗದ ಇತ್ತು. ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿಯುವ ಗುಮಾಸ್ತೆ ಕೂತಿದ್ದ.

"ಇಲ್ಲಿ ಎರಡು ನಿಮಿಷ ಇಪ್ಪತ್ತು ಸೆಕೆಂಡು. ಅಲ್ಲಿ ಎರಡು ಇಪ್ಪತ್ತೈದು. ಮೂರು ಕೂಟ, ಮೂರರಲ್ಲೂ ಹಂಗೇ. ಏನಮ್ಮ ಇದು? ಮನೇಲಿ ಹುಲಿ, ಹೊರಗೆ ಇಲಿ!"

"ಸಾರ್, ಅಲ್ಲಿನ ಟ್ರ್ಯಾಕು ಉದ್ದ ಅನ್ಸುತ್ತೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!"

ಗುಮಾಸ್ತೆ ನಕ್ಕ. ನಗದಿದ್ದರೆ ಅವನಿಗೂ ಕಷ್ಟವಿತ್ತು.

"ಕೇಳಿಲ್ಲಿ. ಕೊನೇ ಇಪ್ಪತ್ತು ಮೀಟರ್ ಓಡೋದು ಕಾಲಲ್ಲ, ರಕ್ತ. ಅದು ವಂಶದಲ್ಲಿ ಬರಬೇಕು. ನಿಮ್ಮಂಥೋರ ಮನೇಲಿ ಓಡೋಕೆ ಬರುತ್ತೆ, ಗೆಲ್ಲೋಕೆ ಬರಲ್ಲ. ನಾಡಿದ್ದು ತಪಾಸಣೆಯವರು ಬರ್ತಿದ್ದಾರೆ. ನಮ್ಮ ವಿಭಾಗ ಇಟ್ಕೋಬೇಕೋ ಮುಚ್ಚಬೇಕೋ ಅಂತ ನೋಡ್ತಾರೆ. ಅವರ ಕಣ್ಣೆದುರಿಗೆ ಎರಡು ಹದಿನೆಂಟು ಓಡಿದ್ರೆ ನಿನ್ನ ಹೆಸರು ಉಳಿಯುತ್ತೆ. ಇಲ್ಲಾಂದ್ರೆ ಅಮ್ಮನ ಜೊತೆ ಸುಣ್ಣ ಜರಡಿ ಹಿಡಿ."

ಮಗಳು ಹೊರಗೆ ಬಂದಳು. ಅಮ್ಮನನ್ನು ನೋಡಿದಳು. ಮೈದಾನದ ಕಡೆ ಹೋದಳು. ಮೂಟೆ ಇನ್ನೂ ಸುಣ್ಣಮ್ಮನ ತಲೆಯ ಮೇಲೇ ಇತ್ತು. ಇಳಿಸು ಎಂದು ಯಾರೂ ಹೇಳಲಿಲ್ಲ.

ಆ ಸಂಜೆ ಮಗಳು ಹಾಸ್ಟೆಲಿಗೆ ಹೋಗದೆ ಮನೆಗೆ ಬಂದಳು. ಒಂದೇ ಕೋಣೆಯ ಮನೆ. ಹೊಸ್ತಿಲ ಮೇಲೆ ಕೂತು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡಳು. ಸುಣ್ಣಮ್ಮ ಎದುರಿಗೆ ಕೂತು ಜರಡಿಯ ಕಣ್ಣುಗಳನ್ನು ಪಿನ್ನಿನಿಂದ ಬಿಡಿಸುತ್ತಿದ್ದಳು.

"ಅಮ್ಮ, ನಂಗೆ ಏನೋ ಕಾಯಿಲೆ ಇರ್ಬೇಕು" ಎಂದಳು ಮಗಳು.

"ಬಿಡ್ತು ಅನ್ನು. ಕಲ್ಲು ಗುಂಡಿನ ಹಾಗಿದೀಯ."

"ಇಲ್ಲಮ್ಮ. ಹೊರಗೆ ಹೋದಾಗೆಲ್ಲ ಒಂದೇ ಥರ ಆಗುತ್ತೆ. ಕೊನೇವರೆಗೂ ಮುಂದೆ ಇರ್ತೀನಿ. ಆಮೇಲೆ ಒಂದು ಕಡೆ, ಮುಗೀತು ಅಂತ ಕಾಲು ಹೇಳುತ್ತೆ. ಕಣ್ಣು ಬಿಟ್ಟು ನೋಡಿದ್ರೆ ಗೆರೆ ಇನ್ನೂ ಆಚೆ ಇರುತ್ತೆ. ಇಪ್ಪತ್ತು ಇಪ್ಪತ್ತೈದು ಮೀಟ್ರು. ಅಷ್ಟರಲ್ಲೇ ನಾಲ್ಕು ಜನ ದಾಟ್ಕೊಂಡು ಹೋಗ್ತಾರೆ. ಪ್ರತಿ ಸಲ ಅಷ್ಟೇ ದೂರ ಅಮ್ಮ, ಒಂದು ಮೀಟ್ರು ಹೆಚ್ಚಿಲ್ಲ ಕಮ್ಮಿ ಇಲ್ಲ. ಸಾರ್ ಹೇಳಿದ್ದೇ ನಿಜ ಇರ್ಬೇಕು. ರಕ್ತದಲ್ಲೇ ಇಲ್ವೇನೋ."

ಸುಣ್ಣಮ್ಮನ ಕೈ ನಿಂತಿತು.

ಒಂದು ಸುತ್ತಿಗೆ ಹನ್ನೆರಡು. ಎರಡು ಸುತ್ತಿಗೆ ಇಪ್ಪತ್ತನಾಲ್ಕು. ಮಗಳ ಕಾಲಿಗೆ ಮುಗೀತು ಎಂದು ಕಲಿಸಿದವಳು ತಾನೇ. ಈ ಕೈಯಿಂದ ಗೂಟ ಕಿತ್ತು, ಈ ಕೈಯಿಂದ ಗೆರೆ ಎಳೆದು, ದಿನಾ ಬೆಳಿಗ್ಗೆ ಕಲಿಸಿದ್ದಾಳೆ. ಎರಡು ವರ್ಷ.

ಹೇಳಬೇಕೋ ಬೇಡವೋ ಎಂದು ಯೋಚಿಸುವಷ್ಟು ಹೊತ್ತನ್ನೂ ಅವಳು ತೆಗೆದುಕೊಳ್ಳಲಿಲ್ಲ. ಎಲ್ಲ ಹೇಳಿಬಿಟ್ಟಳು. ಗೂಟ, ವೇದಿಕೆ, ಆರು ಮೀಟರು, ಹಾರೆ. ಹೇಳುವಾಗ ಮಗಳ ಮುಖ ನೋಡುವ ಧೈರ್ಯವಾಗದೆ ಜರಡಿ ನೋಡುತ್ತ ಹೇಳಿದಳು.

ಮಗಳು ನೀರಿನಿಂದ ಕಾಲು ತೆಗೆದಳು. "ನಿಂಗೆ ಗೊತ್ತಿತ್ತಾ?"

"ಗಿಡ್ಡ ಅಂತ ಗೊತ್ತಿತ್ತು. ನಿನ್ನ ಕಾಲಿಗೆ ಹತ್ತುತ್ತೆ ಅಂತ ಗೊತ್ತಿರ್ಲಿಲ್ಲ."

"ನಾನು ಬಾತ್ರೂಮಲ್ಲಿ ಕೂತು ಅತ್ತಿದೀನಿ ಗೊತ್ತಾ? ಎಲ್ಲರ ಬಟ್ಟೆ ಮಧ್ಯೆ. ನೀನು ಇಲ್ಲಿ ಟಕ್ ಟಕ್ ಅಂತ ಡಬ್ಬಿ ಬಡೀತಾ ಇದ್ದೆ!"

ಮಗಳು ಎದ್ದು ಬೀದಿಗೆ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು. ಮೂರನೇ ಸಲ ಬಂದಾಗ ಬಾಗಿಲಲ್ಲೇ ನಿಂತಳು. ಮುಖದ ಮೇಲೆ ಅಳುವೂ ಇತ್ತು, ಅದರ ಕೆಳಗಿನಿಂದ ಇನ್ನೇನೋ ಇಣುಕುತ್ತಿತ್ತು.

"ಅಂದ್ರೆ ನನ್ನ ಕಾಲು ಸರಿ ಇದೆ?"

"ಸರಿ ಇದೆ ಕಣೆ."

"ರಕ್ತ?"

"ನನ್ನದೇ ರಕ್ತ. ಸುಣ್ಣ ಸ್ವಲ್ಪ ಜಾಸ್ತಿ ಇರ್ಬೋದು."

ಮಗಳು ನಕ್ಕುಬಿಟ್ಟಳು. ನಗುತ್ತ ನಗುತ್ತ ಅಮ್ಮನ ಬೆನ್ನಿಗೆ ಒಂದು ಗುದ್ದು ಗುದ್ದಿದಳು. ನೋವಾಗುವಂತೆಯೇ ಗುದ್ದಿದಳು. ಸುಣ್ಣಮ್ಮ ಸುಮ್ಮನೆ ತಿಂದಳು.

ಮರುದಿನ ಬೆಳಿಗ್ಗೆ ಸುಣ್ಣಮ್ಮ ಆಫೀಸಿಗೆ ಹೋದಳು. ಹೊಸ್ತಿಲ ಹೊರಗಿನಿಂದಲೇ ಮಾತಾಡಿದಳು.

"ಸಾರ್, ಗೂಟ ಹಳೇ ಜಾಗಕ್ಕೆ ನೆಡ್ತೀನಿ."

"ಹಳೇ ಜಾಗಕ್ಕೆ ನೆಟ್ರೆ ಗೆರೆ ವೇದಿಕೆ ಮೇಲೆ ಹೋಗುತ್ತೆ. ವೇದಿಕೆ ಒಡೀಲಾ?"

"ಹಂಗಾದ್ರೆ ನನ್ನ ಮಗಳಿಗೆ ಹೇಳಿ, ನಿನ್ನ ರಕ್ತ ಸರಿ ಇದೆ, ನಮ್ಮ ಮೈದಾನ ಗಿಡ್ಡ ಇದೆ ಅಂತ."

ಪೀಪಿ ಸಾರ್ ಪೆನ್ನು ಕೆಳಗಿಟ್ಟರು. ದನಿ ಇಳಿಸಿದರು. "ನಾಳೆ ಆ ಗಿಡ್ಡದಲ್ಲೇ ಓಡಿದ್ರೆ ತಾನೆ ಅವಳಿಗೆ ಎರಡು ಹದಿನೆಂಟು ಸಿಗೋದು? ನಿನ್ನ ಮಗಳಿಗೆ ನಾನು ಉಪಕಾರ ಮಾಡ್ತಿದ್ರೆ ನೀನು ಅಡ್ಡ ಬರ್ತೀಯಲ್ಲ! ಚೆನ್ನಾಗಿ ದಪ್ಪಗೆ ಗೆರೆ ಹಾಕು. ಎಂಟಕ್ಕೆ ಹಿಂದಿನ ಗೇಟಿಂದ ಹೋಗು. ಬಾಯಿಗೆ ಬೀಗ."

ಅದೂ ನಿಜವೇ. ಗಿಡ್ಡದಲ್ಲಿ ಓಡಿದರೆ ಹೆಸರು ಉಳಿಯುತ್ತದೆ, ಹಾಸ್ಟೆಲ್ ಉಳಿಯುತ್ತದೆ. ಉದ್ದದಲ್ಲಿ ಓಡಿದರೆ ಹೋಗುತ್ತದೆ. ಸುಣ್ಣಮ್ಮ ಮಗಳನ್ನು ಹುಡುಕಿಕೊಂಡು ಹೋಗಿ, ಕಾಗದ ತುರುಕಿದ ಬೂಟಿನಲ್ಲಿ ಮೈದಾನ ಸುತ್ತುತ್ತಿದ್ದವಳನ್ನು ನಿಲ್ಲಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತೀರ್ಮಾನ ನಿನ್ನದು ಎಂದಳು.

ಮಗಳು ಏದುಸಿರು ಬಿಡುತ್ತಲೇ ಕೇಳಿದಳು. "ಹೆಸರು ಉಳಿಸ್ಕೊಂಡು ಎಲ್ಲಿಗೆ ಹೋಗ್ಲಿ? ಮತ್ತೆ ಹೊರಗೆ ಹೋಗಿ, ಮತ್ತೆ ಸೋತು ಬಂದು, ಮತ್ತೆ ಇವರ ಬಾಯಲ್ಲಿ ರಕ್ತದ ಕತೆ ಕೇಳ್ಲಾ? ಉದ್ದ ಹಾಕು ಅಮ್ಮ. ಪೂರ್ತಿ ಹಾಕು. ಒಂದು ಮೀಟ್ರು ಕಮ್ಮಿ ಆದ್ರೂ ನಿನ್ನ ಬಿಡಲ್ಲ."

ತಪಾಸಣೆಯ ದಿನ ಬೆಳಗಿನ ಐದಕ್ಕೆ ಸುಣ್ಣಮ್ಮ ಮೈದಾನದಲ್ಲಿದ್ದಳು. ಹಾರೆ ಹಾಕಿ ಹೊಸ ಜಾಗದಿಂದ ಗೂಟವನ್ನು ಮೀಟಿ ತೆಗೆದಳು. ಹಳೇ ಜಾಗ ಹುಡುಕಲು ಅವಳಿಗೆ ಟೇಪು ಬೇಕಿರಲಿಲ್ಲ. ಬರಿಗಾಲಿನಲ್ಲಿ ಹುಲ್ಲು ತಡವುತ್ತ ಹೋದಳು. ಹಿಮ್ಮಡಿಗೆ ಕಲ್ಲು ತಣ್ಣಗೆ ತಾಗಿತು. ಕೈಯಿಂದ ಮಣ್ಣು ಬಗೆದಳು. ಬೀಸುಕಲ್ಲು ಹಾಗೇ ಇತ್ತು, ತೂತಿನಲ್ಲಿ ಇರುವೆ ಮನೆ ಮಾಡಿದ್ದವು. "ಆ ಕಡೆ ಹೋಗ್ರಪ್ಪ, ಯಜಮಾನ ಬಂದ" ಎಂದು ಗೂಟ ಇಳಿಸಿದಳು. ಸರಿಯಾಗಿ ಕೂತಿತು.

ಹಗ್ಗ ಸಿಕ್ಕಿಸಿ, ಕೆಂಪು ಬಟ್ಟೆಯ ಗಂಟು ಹಿಡಿದು ತಿರುವು ಸುತ್ತಿದಳು. ಟಕ್ ಟಕ್ ಟಕ್. ಮಣ್ಣು ಮುಗಿಯಿತು, ವೇದಿಕೆ ಬಂತು. ಒಂದು ಗೇಣು ಹತ್ತಿದಳು. ಕೆಂಪು ಹಾಸು ಆಗಲೇ ಹಾಸಿತ್ತು. ಅದರ ಮೇಲೆ ಗೆರೆ ಬಿಟ್ಟಳು. ಮೊದಲ ಸಾಲಿನ ಸೋಫಾಗಳು ಅಡ್ಡ ಬಂದವು. ಅವುಗಳ ಕಾಲಿನ ನಡುವೆ ಕೈ ತೂರಿಸಿ ಗೆರೆ ಬಿಟ್ಟಳು. ಇನ್ನೊಂದು ಕಡೆ ಇಳಿದಳು, ಮತ್ತೆ ಮಣ್ಣು. ಕೆಂಪಿನ ಮೇಲೆ ಬಿಳಿ ಎಷ್ಟು ಚೆಂದ ಕಾಣುತ್ತದೆ ಎಂದು ಅವಳಿಗೆ ಅವತ್ತೇ ಗೊತ್ತಾಗಿದ್ದು.

ಗೇಟಿನ ಕಾವಲುಗಾರ ಹಲ್ಲುಜ್ಜುತ್ತ ಬಂದ. ಬಾಯಿಯ ನೊರೆ ಹಾಗೇ ಉಳಿಯಿತು.

"ತಾಯೀ, ಇದೇನು, ವೇದಿಕೆ ಮೇಲೆ ಗೆರೆ?"

"ಗೆರೆ ಹೋಗೋ ದಾರೀಲಿ ವೇದಿಕೆ ಇದೆ ಅಣ್ಣ."

ಅವನು ಗೆರೆಯ ಉದ್ದಕ್ಕೂ ನೋಡಿದ. ಸೋಫಾ ನೋಡಿದ. ಉಗುಳಿ ಬಂದ. "ನಾನು ಗೇಟು ಕಾಯೋನು. ಗೆರೆ ಕಾಯೋನಲ್ಲ" ಎಂದು ಹೊರಟುಹೋದ. ಹೋಗುವಾಗ ಮುಸಿಮುಸಿ ನಗುತ್ತಿದ್ದ.

ಎಂಟಾಯಿತು. ಸುಣ್ಣಮ್ಮ ಹಿಂದಿನ ಗೇಟಿನ ಕಡೆ ಹೋಗಲಿಲ್ಲ. ಡಬ್ಬಿ ಪಕ್ಕಕ್ಕಿಟ್ಟು, ಗೂಟದ ಹತ್ತಿರ ಮೈದಾನದ ನಡುವೆ, ಎಲ್ಲರ ಕಣ್ಣಿಗೂ ಕಾಣುವ ಹಾಗೆ ಕೂತಳು.

ಹತ್ತಕ್ಕೆ ಕಾರು ಬಂದವು. ಪೀಪಿ ಸಾರ್ ಬೆಳಗಿನಿಂದ ಕುಲಪತಿಗಳ ಮನೆಯಲ್ಲಿ ಹೂಗುಚ್ಛದ ಹಿಂದೆ ಇದ್ದರು, ಮೈದಾನ ನೋಡಿರಲಿಲ್ಲ. ತಪಾಸಣೆಯವರು ಮೂವರು: ಇಬ್ಬರು ದಪ್ಪನೆಯ ಮಹನೀಯರು, ಕನ್ನಡಕ ಹಾಕಿದ ಒಬ್ಬ ಹೆಂಗಸು. ಮಹನೀಯರು ಮೊದಲ ಸಾಲಿನಲ್ಲಿ ಕುಲಪತಿಗಳ ಎಡಬಲಕ್ಕೆ ಕೂತರು. ಕನ್ನಡಕದ ಮೇಡಂ ಕೂರಲು ಹೋದವರು ಕೆಳಗೆ ನೋಡಿದರು.

"ಇದೇನು ಗೆರೆ?"

ಪೀಪಿ ಸಾರ್ ನೋಡಿದರು. ಮುಖದ ಬಣ್ಣ ಗೆರೆಯದೇ ಆಯಿತು. "ಅಲಂಕಾರ ಮೇಡಂ" ಎಂದರು.

ಅಷ್ಟರಲ್ಲಿ ಐದು ಹುಡುಗಿಯರು ಗೆರೆಯ ಬಳಿ ನಿಂತಾಗಿತ್ತು. ಮಗಳು ಉಳಿದ ನಾಲ್ವರಿಗೂ ಬೆಳಿಗ್ಗೆಯೇ ಎಲ್ಲ ಹೇಳಿದ್ದಳು. ಅವರಲ್ಲೂ ಇಬ್ಬರು ಬಾತ್ರೂಮಿನಲ್ಲಿ ಅತ್ತವರೇ. ಗುಮಾಸ್ತೆ ಕೈ ಬೀಸಿದ, ಸ್ಟಾಪ್‌ವಾಚ್ ಒತ್ತಿದ. ಓಟ ಶುರುವಾಯಿತು.

ಮೊದಲ ತಿರುವು ಸರಾಗ. ಹಿಂದಿನ ನೇರ ಸರಾಗ. ಎರಡನೇ ತಿರುವಿಗೆ ಬಂದ ಹುಡುಗಿಯರು ದಿನಾ ಬಾಗುವ ಕಡೆ ಬಾಗಲಿಲ್ಲ. ಗೆರೆ ಹಿಡಿದು ನೆಟ್ಟಗೆ ವೇದಿಕೆಯ ಕಡೆಗೇ ಬಂದರು. ಮಹನೀಯರು ಮೊದಲು ಮುಗುಳ್ನಕ್ಕರು, ವಂದನೆ ಸಲ್ಲಿಸಲು ಬರುತ್ತಿದ್ದಾರೆ ಎಂದುಕೊಂಡು ಒಬ್ಬರು ಕೈಯನ್ನೂ ಎತ್ತಿದರು. ಹುಡುಗಿಯರು ನಿಲ್ಲಲಿಲ್ಲ. ಒಂದು ಗೇಣು ಹತ್ತಿದರು. ಥಪ ಥಪ ಥಪ ಥಪ. ಮಹನೀಯರು ಕಾಲೆತ್ತಿಕೊಂಡರು. ಕುಲಪತಿಗಳು ಸೋಫಾದ ಮೇಲೆ ಪದ್ಮಾಸನ ಹಾಕಿದರು. ಹೂಗುಚ್ಛ ಉರುಳಿತು. ಕೆಂಪು ಹಾಸಿನ ಮೇಲೆ ಸುಣ್ಣದ ಹೊಗೆ ಎದ್ದಿತು. ಐವರೂ ಆ ಕಡೆ ಇಳಿದು ಹೋದರು.

ಪೀಪಿ ಸಾರ್ ಪೀಪಿ ಊದಿದರು. ಯಾರೂ ನಿಲ್ಲಲಿಲ್ಲ. ಮತ್ತೆ ಊದಿದರು. ಮೈದಾನದ ಸುತ್ತ ನಿಂತ ಹುಡುಗರು ಹುರುಪಿಗೆ ಊದುತ್ತಿದ್ದಾರೆ ಎಂದುಕೊಂಡು ಅವರೂ ಶಿಳ್ಳೆ ಹೊಡೆದರು.

ಎರಡನೇ ಸುತ್ತಿಗೆ ವೇದಿಕೆ ಖಾಲಿಯಿತ್ತು. ಯಾರೋ ಸೋಫಾಗಳನ್ನು ಹಿಂದಕ್ಕೆ ಎಳೆದಿದ್ದರು. ಯಾರು ಎಂದು ಸುಣ್ಣಮ್ಮ ನೋಡಲಿಲ್ಲ, ಅವಳ ಕಣ್ಣು ಮಗಳ ಕಾಲಿನ ಮೇಲಿತ್ತು. ವೇದಿಕೆ ಹತ್ತಿ ಇಳಿದಾಗ ಮಗಳು ಎಲ್ಲರಿಗಿಂತ ಮುಂದಿದ್ದಳು. ಕೊನೆಯ ನೇರ. ಐವತ್ತು ಮೀಟರು. ಮೂವತ್ತು. ಇಪ್ಪತ್ತನಾಲ್ಕು. ಸುಣ್ಣಮ್ಮ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಮಗಳ ಕಾಲು ಮುಗೀತು ಎನ್ನಲಿಲ್ಲ. ಗೆರೆ ಎಲ್ಲಿದೆ ಎಂದು ಈ ಸಲ ಕಾಲಿಗೆ ಗೊತ್ತಿತ್ತು. ಹಿಂದಿನ ಹುಡುಗಿಯೂ ಬಿಡದೆ ಬಂದಳು, ಆದರೆ ಮಗಳೇ ಮೊದಲು ಗೆರೆ ದಾಟಿದಳು.

"ಎರಡು ನಿಮಿಷ ಇಪ್ಪತ್ತೊಂದು" ಎಂದ ಗುಮಾಸ್ತೆ.

ಪೀಪಿ ಸಾರ್ ಓಡುತ್ತ ಬಂದರು. ಅವರು ಓಡಿದ್ದನ್ನು ಆ ವಿಶ್ವವಿದ್ಯಾಲಯ ನೋಡಿದ್ದು ಅದೇ ಮೊದಲು. "ಹದಿನೆಂಟಲ್ಲ! ನಿನ್ನ ಹೆಸರು ಹೋಯ್ತು! ಎಲ್ಲರದೂ ಹೋಯ್ತು!"

"ಹೋಗ್ಲಿ ಸಾರ್" ಎಂದಳು ಮಗಳು, ಮಂಡಿಯ ಮೇಲೆ ಕೈಯೂರಿ. "ಎರಡು ಇಪ್ಪತ್ತೊಂದು ಅಂತ ಮೊದಲು ಬರೀರಿ. ಎಂಟುನೂರು ಮೀಟ್ರು, ಪೂರ್ತಿ ಎಂಟುನೂರು ಅಂತ ಬರೀರಿ. ಆಮೇಲೆ ಹೆಸರು ಹೊಡೆದುಹಾಕಿ."

"ಬರೆದಾಯ್ತು ಸಾರ್" ಎಂದ ಗುಮಾಸ್ತೆ ತಲೆ ಎತ್ತದೆ. "ಶಾಯೀಲಿ ಬರೆದ್ಬಿಟ್ಟೆ."

ಪೀಪಿ ಸಾರ್ ತಿರುಗಿದರು. ಅಲ್ಲೇ ನಿಂತಿದ್ದ ಕಸ ಗುಡಿಸುವವನ ಕೈಯಿಂದ ಪೊರಕೆ ಕಿತ್ತುಕೊಂಡು ಸುಣ್ಣಮ್ಮನ ಎದುರಿಗೆ ಎಸೆದರು. "ಏಳೇ! ವೇದಿಕೆ ಮೇಲಿಂದು ಅಳಿಸು. ಈಗಲೇ ಅಳಿಸು. ಎಲ್ಲರ ಮುಂದೆ ಮಂಡಿ ಊರಿ ಅಳಿಸು."

ಸುಣ್ಣಮ್ಮ ಎದ್ದು ನಿಂತಳು. ಪೊರಕೆ ಮುಟ್ಟಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವಳು ಬೇಡ ಎಂದದ್ದು ಒಂದು ಸಲವೂ ಇರಲಿಲ್ಲ. ಹಾಗಾಗಿ ಹೇಗೆ ಹೇಳಬೇಕು ಎನ್ನುವುದೂ ಗೊತ್ತಿರಲಿಲ್ಲ. ಗೊತ್ತಿದ್ದ ಹಾಗೆ ಹೇಳಿದಳು.

"ಸುಣ್ಣ ಹಾಕೋದು ನನ್ನ ಕೆಲಸ ಅಂದಿದ್ರಿ. ಹಾಕಿದೀನಿ. ಅಳಿಸಲ್ಲ."

"ಏನಂದೆ?"

"ಅಳಿಸಲ್ಲ. ಮೂರು ವರ್ಷ ನಿಮ್ಮ ಸುಳ್ಳನ್ನ ನನ್ನ ಕೈಲಿ ಹಾಕ್ಸಿದ್ರಿ. ನನ್ನ ಬೆನ್ನು ಬಗ್ಗಿಸಿ ಹಾಕ್ಸಿದ್ರಿ. ಆ ಸುಳ್ಳಿನ ಮೇಲೆ ನನ್ನ ಮಗೂನ ಓಡ್ಸಿ, ಅವಳ ರಕ್ತ ಸರಿ ಇಲ್ಲ ಅಂದ್ರಿ. ಡೊಂಕಿದ್ದದ್ದು ನಿಮ್ಮ ನೆಲ. ನನ್ನ ಮಗಳ ಕಾಲಲ್ಲ." ಕೆಮ್ಮು ಬಂತು. ಕೆಮ್ಮಿದಳು. ಪೀಪಿ ಸಾರ್ ಕಪ್ಪು ಕೋಟಿನ ಮೇಲೆ ಬಿಳಿ ಬಿತ್ತು. "ನಂಬಿಕೆ ಇಲ್ದಿದ್ರೆ ಹಗ್ಗ ಇದೆ. ಹಿಡಿದು ಅಳೀರಿ."

ಕನ್ನಡಕದ ಮೇಡಂ ವೇದಿಕೆಯ ಅಂಚಿನಲ್ಲಿ ನಿಂತು ಎಲ್ಲ ಕೇಳುತ್ತಿದ್ದರು. "ಹಾಗಾದರೆ ನಿಮ್ಮ ವಾರ್ತಾಪತ್ರದಲ್ಲಿದ್ದ ಆ ಹನ್ನೊಂದು ದಾಖಲೆ?" ಎಂದು ಕೇಳಿದರು, ಯಾರನ್ನೂ ನೋಡದೆ. ಕುಲಪತಿಗಳು ಪೀಪಿ ಸಾರ್ ಕಡೆ ನೋಡಿದರು. ಪೀಪಿ ಸಾರ್ ಇಂಗು ತಿಂದ ಮಂಗನ ಹಾಗೆ ಆಕಾಶ ನೋಡಿದರು. ಊಟ ತಣ್ಣಗಾಗುತ್ತದೆ ಎಂದು ಯಾರೋ ನೆನಪಿಸಿದರು, ಗಣ್ಯರು ಹೊರಟರು. ಅವರ ಬೂಟಿಗೆಲ್ಲ ಸುಣ್ಣ ಹತ್ತಿತ್ತು. ವೇದಿಕೆಯಿಂದ ಕಾರಿನವರೆಗೆ ಬಿಳಿ ಹೆಜ್ಜೆ ಬಿದ್ದವು, ಕಾರಿನ ಒಳಗೂ ಬಿದ್ದಿರಬೇಕು.

ಅವರು ವರದಿಯಲ್ಲಿ ಏನು ಬರೆದರೋ ಸುಣ್ಣಮ್ಮನಿಗೆ ಗೊತ್ತಿಲ್ಲ. ಅವಳಿಗೆ ಗೊತ್ತಾದದ್ದು ಇಷ್ಟೇ: ನಾಳೆಯಿಂದ ಬರಬೇಡ ಎಂದು ಆಗಲೇ ಹೇಳಿ ಕಳಿಸಿದರು. ತಾತ್ಕಾಲಿಕದವಳನ್ನು ತೆಗೆಯಲು ಕಾಗದವೂ ಬೇಡ. ಸರಿ ಎಂದಳು. ಡಬ್ಬಿ ಬಿಟ್ಟಳು, ಜರಡಿ ಬಿಟ್ಟಳು. ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡಳು.

"ಹಗ್ಗ ವಿಶ್ವವಿದ್ಯಾಲಯದ್ದು!" ಎಂದು ಪೀಪಿ ಸಾರ್ ಕೂಗಿದರು.

"ನಮ್ಮತ್ತೇದು" ಎಂದು ಸುಣ್ಣಮ್ಮ ನಡೆದಳು.

ಮುಂದಿನ ಗೇಟಿನ ಕಡೆಗೇ ನಡೆದಳು. ಮಗಳು ಓಡಿಬಂದು ಜೊತೆ ಸೇರಿದಳು, ಬೂಟು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ. ಉಳಿದ ನಾಲ್ವರು ಹುಡುಗಿಯರೂ ಹಿಂದೆ ಬಂದರು. ಕಾವಲುಗಾರ ಕಾರಿಗೆ ತೆಗೆಯುವ ಹಾಗೆ ಗೇಟಿನ ಎರಡೂ ಬಾಗಿಲು ತೆಗೆದ. ಡಾಂಬರಿನ ಮೇಲೆ ಸುಣ್ಣಮ್ಮನ ಹೆಜ್ಜೆ ಬೆಳ್ಳಗೆ ಮೂಡುತ್ತ ಹೋದವು. ಇಷ್ಟು ವರ್ಷ ಆ ದಾರಿಯಲ್ಲಿ ಅವಳ ಕಾಲು ಬಿದ್ದಿರಲಿಲ್ಲ.

ಕೆಲಸ ಹೋಯಿತು, ಹಾಸ್ಟೆಲ್ ಏನಾಗುತ್ತದೋ, ಅವಳಿಗೆ ಹೆದರಿಕೆಯಾಗಿತ್ತು. ಆದರೂ ಬೆನ್ನು ನೆಟ್ಟಗಿತ್ತು.

"ಅಮ್ಮ" ಎಂದಳು ಮಗಳು, ಸ್ವಲ್ಪ ದೂರ ಹೋದ ಮೇಲೆ. "ಕೊನೇ ಇಪ್ಪತ್ತನಾಲ್ಕು ಮೀಟ್ರಲ್ಲಿ ಕಾಲು ಏನಾಯ್ತು ಗೊತ್ತಾ?"

ಸುಣ್ಣಮ್ಮ ನಿಂತುಬಿಟ್ಟಳು. "ಏನಾಯ್ತೇ?"

"ಏನೂ ಆಗ್ಲಿಲ್ಲ."